ಹಿಮದ ಊರಿಗೆ ಹೊರಡುವ ಮುನ್ನ ಮೂರು ಲೆಕ್ಕ



ಹಾನಗಲ್ಲಿನ ಆನೆಕೆರೆಯ ನೀರು ಯಾವ ಚಳಿಗಾಲದಲ್ಲೂ ಗಟ್ಟಿಯಾದದ್ದಿಲ್ಲ. ಸವಣೂರಿನ ದೊಡ್ಡಹುಣಸೆ ಮರಗಳ ಮೇಲೆ ಇಬ್ಬನಿ ಬಿದ್ದೀತು, ಹಿಮ ಬಿದ್ದಿಲ್ಲ. ಶಿಗ್ಗಾವಿ, ಹಿರೇಕೆರೂರು ಕಡೆ ಚಳಿ ಎಂದರೆ ಕಿವಿಗೊಂದು ಮಫ್ಲರ್, ಅಂಗಳದಲ್ಲೊಂದು ಸಣ್ಣ ಬೆಂಕಿ, ಅಷ್ಟೇ. ಆದರೂ ಈಚೆಗೆ ನಮ್ಮ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಹಿಮದ ಮಾತು ಶುರುವಾಗಿದೆ. ಮಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಜರ್ಮನಿಯಲ್ಲೋ ಇರುತ್ತಾನೆ. ಮೊಮ್ಮಗಳು ಫೋನಿನಲ್ಲಿ ಹೇಳುತ್ತಾಳೆ: "ಅಜ್ಜಾ, ಎಲ್ಲಾರೂ ಕೂಡಿ ಆಲ್ಪ್ಸ್‌ಗೆ ಹೋಗೂಣು. ನಾ ಸ್ಕೀ ಕಲೀತೀನಿ. ನೀನೂ ಬಾ, ಅಜ್ಜಿನೂ ಬರ್ಲಿ."

ಫೋನ್ ಇಟ್ಟ ಮೇಲೆ ಅಜ್ಜ ಏನು ಮಾಡುತ್ತಾನೆ? ಕಪಾಟಿನಿಂದ ಠೇವಣಿ ರಸೀದಿ ತೆಗೆದು ನೋಡುತ್ತಾನೆ. ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನು ನಾನು. ರಸೀದಿ ಹಿಡಿದು ಬಂದವರ ಮುಖ ನೋಡಿಯೇ ಮನೆಯಲ್ಲಿ ಮದುವೆಯೋ, ಆಸ್ಪತ್ರೆಯೋ, ಪ್ರವಾಸವೋ ಎಂದು ಊಹಿಸುತ್ತಿದ್ದೆ. ಹಿಮದ ಊರಿನ ಪ್ರವಾಸ ಬೇಡ ಎಂದು ಹೇಳಲು ನಾನು ಈ ವಾರ ಬರೆಯುತ್ತಿಲ್ಲ. ಖಂಡಿತ ಹೋಗಿ. ಆದರೆ ಮೂರು ಲೆಕ್ಕ ಮಾಡಿ ಹೋಗಿ: ಮೊದಲು ಕ್ಯಾಲೆಂಡರಿನ ಲೆಕ್ಕ, ಆಮೇಲೆ ಕಾಲಿನ ಲೆಕ್ಕ, ಕೊನೆಗೆ ಕಿಸೆಯ ಲೆಕ್ಕ. ಬಹಳ ಮಂದಿ ಕಿಸೆಯಿಂದ ಶುರುಮಾಡುತ್ತಾರೆ. ಅದಕ್ಕೇ ಲೆಕ್ಕ ತಪ್ಪುತ್ತದೆ.

ಮೊದಲು ಆ ಊರು ಎಂಥದು ಎಂದು ತಿಳಿಯೋಣ. ಸ್ವಿಟ್ಜರ್ಲೆಂಡಿನ ಝೆರ್ಮಾಟ್ ಅನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅದು ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಂದರೆ ಆ ಊರು ನಮ್ಮ ಮುಳ್ಳಯ್ಯನಗಿರಿಗಿಂತ ತಗ್ಗಿನಲ್ಲಿದೆ! ಹಾಗಾದರೆ ಅಲ್ಲಿ ಹಿಮ, ಇಲ್ಲಿ ಮಂಜು ಮಾತ್ರ, ಯಾಕೆ? ಮಕ್ಕಳೇ, ಭೂಪಟ ತೆಗೆಯಿರಿ. ಹಾನಗಲ್ಲು ಭೂಮಧ್ಯ ರೇಖೆಯಿಂದ ಉತ್ತರಕ್ಕೆ ಸುಮಾರು 15 ಡಿಗ್ರಿಯಲ್ಲಿದೆ, ಝೆರ್ಮಾಟ್ 46 ಡಿಗ್ರಿಯಲ್ಲಿದೆ. ಅಲ್ಲಿ ಚಳಿಗಾಲದ ಸೂರ್ಯ ತೀರಾ ಓರೆಯಾಗಿ ಬೀಳುತ್ತಾನೆ, ಹಗಲೂ ಗಿಡ್ಡ. ಊರಿನ ತಲೆಯ ಮೇಲೆ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರ ನಿಂತಿದೆ.

ಇಂಥ ಊರುಗಳು ಮೊದಲಿನಿಂದ ಶ್ರೀಮಂತವಾಗಿರಲಿಲ್ಲ. ದನ, ಹುಲ್ಲು, ಹಾಲು ನಂಬಿದ ರೈತರ ಊರುಗಳವು. ಹಿಮ ಬಿದ್ದರೆ ಆರು ತಿಂಗಳು ಹೊಲದ ಕೆಲಸ ಬಂದ್. ಸೇಂಟ್ ಮೊರಿಟ್ಜ್ ಎಂಬ ಊರಿನ ಹೋಟೆಲ್ ಮಾಲೀಕ ಯೋಹಾನೆಸ್ ಬಾದ್ರುಟ್ ಎಂಬವನ ಕಥೆಯೊಂದನ್ನು ಅಲ್ಲಿ ಹೇಳುತ್ತಾರೆ. 1864ರಲ್ಲಿ ಬೇಸಿಗೆಗೆ ಬಂದಿದ್ದ ಇಂಗ್ಲಿಷ್ ಅತಿಥಿಗಳಿಗೆ ಅವನು, "ಚಳಿಗಾಲದಲ್ಲಿ ಬನ್ನಿ. ಬಿಸಿಲು ಚೆನ್ನಾಗಿಲ್ಲ ಅನಿಸಿದರೆ ನಿಮ್ಮ ಪ್ರಯಾಣದ ಖರ್ಚು ನನ್ನದು" ಎಂದು ಪಂಥ ಕಟ್ಟಿದನಂತೆ. ಅವರು ಬಂದರು, ತಿಂಗಳುಗಟ್ಟಲೆ ಉಳಿದರು. ಯಾರೂ ಬಾರದ ಕಾಲವೇ ದುಡಿಮೆಯ ಕಾಲವಾಯಿತು. ಕೈ ಕಟ್ಟಿ ಕೂರಿಸುತ್ತಿದ್ದ ಹಿಮವೇ ಬೆಳೆಯಾಯಿತು.

ಕ್ಯಾಲೆಂಡರಿನ ಲೆಕ್ಕ

ಆಲ್ಪ್ಸ್‌ನಲ್ಲಿ ಸ್ಕೀ ಆಡುವ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಏಪ್ರಿಲ್ ಮಧ್ಯದವರೆಗೆ. ಕ್ರಿಸ್‌ಮಸ್, ಹೊಸ ವರ್ಷದ ವಾರಗಳು, ಮತ್ತೆ ಫೆಬ್ರುವರಿಯಲ್ಲಿ ಅಲ್ಲಿನ ಶಾಲೆಗಳಿಗೆ ರಜೆ ಇರುವ ದಿನಗಳು ಬಹಳ ದುಬಾರಿ. ಹೊಸ ವರ್ಷದ ಗದ್ದಲ ಮುಗಿದ ಮೇಲಿನ ಜನವರಿ ವಾರಗಳಲ್ಲಿ ಅದೇ ಕೋಣೆ ಕಡಿಮೆ ದರಕ್ಕೆ ಸಿಗುತ್ತದೆ.

ಆದರೆ ನಮ್ಮ ಮಕ್ಕಳಿಗೆ ಜನವರಿಯಲ್ಲಿ ಶಾಲೆ. ದೊಡ್ಡ ರಜೆ ಬರುವುದು ಏಪ್ರಿಲ್ ಎರಡನೇ ವಾರದ ಹೊತ್ತಿಗೆ. ಆಗ ತಗ್ಗಿನ ಊರುಗಳಲ್ಲಿ ಹಿಮ ಕರಗಿ ಹುಲ್ಲು ಕಾಣುತ್ತಿರುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ಹೋಗುವವರು ಊರಿನ ಹೆಸರು ನೋಡಬಾರದು, ಸ್ಕೀ ಇಳಿಜಾರಿನ ಎತ್ತರ ನೋಡಬೇಕು. ಝೆರ್ಮಾಟ್‌ನ ಮೇಲಿನ ಹಿಮನದಿಯ ನಿಲ್ದಾಣ 3,883 ಮೀಟರ್‌ನಲ್ಲಿದೆ. ಅಲ್ಲಿ ಬೇಸಿಗೆಯಲ್ಲೂ ಸ್ಕೀ ಆಡುತ್ತಾರೆ.

ಕ್ಯಾಲೆಂಡರಿನ ಇನ್ನೊಂದು ಸಾಲು ಕಾಗದಪತ್ರದ್ದು. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಫ್ರಾನ್ಸ್, ಇಟಲಿ ಈ ನಾಲ್ಕಕ್ಕೂ ಷೆಂಗೆನ್ ವೀಸಾ ಒಂದೇ ಸಾಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಪಕ್ಷ ಹದಿನೈದು ದಿನ ಮೊದಲು ಹಾಕಲೇಬೇಕು. ಪಾಸ್‌ಪೋರ್ಟಿನ ಅವಧಿ ಹಿಂತಿರುಗುವ ದಿನದ ನಂತರವೂ ಮೂರು ತಿಂಗಳು ಇರಬೇಕು. ಮಕ್ಕಳ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಐದೇ ವರ್ಷ ಆಯುಸ್ಸು, ನೆನಪಿರಲಿ.

ಅಜ್ಜ-ಅಜ್ಜಿಯರಿಗೆ ಒಂದು ಕಿವಿಮಾತು. ನಮ್ಮ ಕಡೆ ಹಳೆಯ ಕಾಲದ ಅರ್ಧ ಊರು ಜೂನ್ 1ರಂದು ಹುಟ್ಟಿದೆ, ಯಾಕೆಂದರೆ ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ತಾರೀಖು ಅದು. ಒಂದು ಕಾಗದದಲ್ಲಿ ಅಪ್ಪನ ಹೆಸರು ನಡುವೆ, ಇನ್ನೊಂದರಲ್ಲಿ ಮನೆತನದ ಹೆಸರು ಮೊದಲು, ಮೂರನೆಯದರಲ್ಲಿ ಬರೀ ಇನಿಶಿಯಲ್. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಸಾಲಾಗಿ ಇಟ್ಟು, ಮೊಮ್ಮಕ್ಕಳಿಂದ ಒಂದೊಂದೇ ಅಕ್ಷರ ಓದಿಸಿ. ತಿದ್ದುಪಡಿಗೆ ತಿಂಗಳುಗಳೇ ಬೇಕಾದೀತು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋದ ಮೇಲೆ ತಿಳಿಯುವುದಕ್ಕಿಂತ ಮನೆಯ ಪಡಸಾಲೆಯಲ್ಲಿ ತಿಳಿಯುವುದು ಒಳ್ಳೆಯದು.

ಕಾಲಿನ ಲೆಕ್ಕ

ಸ್ಕೀ ಎಂದರೆ ಎರಡು ಉದ್ದನೆಯ ಪಟ್ಟಿಗಳು. ಕೆಸರಿನ ಮೇಲೆ ಹಲಗೆ ಹಾಕಿ ನಡೆದರೆ ಕಾಲು ಹೂತುಹೋಗುವುದಿಲ್ಲ ಅಲ್ಲವೇ? ಇದೂ ಹಾಗೇ. ಮೈಭಾರ ಹರಡಿಕೊಳ್ಳುತ್ತದೆ, ಪಟ್ಟಿ ಜಾರುತ್ತದೆ. ಜಾರುವುದನ್ನು ಯಾರೂ ಕಲಿಸಬೇಕಿಲ್ಲ, ನಿಲ್ಲುವುದನ್ನು ಕಲಿಸಬೇಕು. ಮುಂದಿನ ಎರಡು ತುದಿಗಳನ್ನು ಹತ್ತಿರ ತಂದು ಹಿಂದಿನ ತುದಿಗಳನ್ನು ಅಗಲಿಸಿದರೆ ವೇಗ ತಗ್ಗುತ್ತದೆ. ಸ್ಕೀ ಶಾಲೆಯಲ್ಲಿ ಮೊದಲ ದಿನದ ಪಾಠ ಇದೇ. ಸ್ವಿಟ್ಜರ್ಲೆಂಡಿನಲ್ಲಿ ನೀಲಿ ಫಲಕದ ದಾರಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಹೆಲ್ಮೆಟ್ ಇಲ್ಲದೆ ಒಂದು ಹೆಜ್ಜೆಯೂ ಬೇಡ.

ಹಿಮ ಬೀಳದ ನಾಡಿನವರಿಗೆ ಇದು ಬರುತ್ತದೆಯೇ? ಬರುತ್ತದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಕೇಳಿದ್ದೀರಾ? ಕೊಡಗಿನಲ್ಲಿ ಮಳೆ ಉಂಟು, ಮಂಜು ಉಂಟು, ಹಿಮವಿಲ್ಲ. ಆದರೂ ಅವರು 2024ರಲ್ಲಿ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಕಂಚು ಗೆದ್ದರು. ಅವರದು ಇಳಿಜಾರಿನಲ್ಲಿ ಜಾರುವ ಆಟಕ್ಕಿಂತ ಬೇರೆಯದು. ಹಿಮದ ಮೇಲೆ ಏರು, ಇಳಿಜಾರು, ಸಪಾಟು ಎಲ್ಲದರಲ್ಲೂ ಕಿಲೋಮೀಟರುಗಟ್ಟಲೆ ಸಾಗುವ ಓಟ ಅದು. ಹುಟ್ಟಿದ ಊರಿನ ಹವೆ ಯಾರ ಕಾಲನ್ನೂ ಕಟ್ಟಿಹಾಕುವುದಿಲ್ಲ.

ಆದರೆ ಇದು ಹದಿನೈದರ ಕಾಲಿಗೆ ಹೇಳಿದ ಮಾತು, ಎಪ್ಪತ್ತರ ಕಾಲಿಗಲ್ಲ. ಎಳವೆಯಿಂದ ಆಡುತ್ತ ಬಂದ ಅಲ್ಲಿನ ಮುದುಕರು ಎಪ್ಪತ್ತರಲ್ಲೂ ಸ್ಕೀ ಆಡುತ್ತಾರೆ. ನಾವು ಹೊಸದಾಗಿ ಶುರುಮಾಡುವುದು ಬೇಡ. ನಮಗೆ ಬೇರೆ ಸುಖಗಳಿವೆ. ಝೆರ್ಮಾಟ್‌ನಿಂದ ಗೋರ್ನರ್‌ಗ್ರಾಟ್‌ಗೆ ಹಲ್ಲುಹಳಿಯ ರೈಲು 1898ರಿಂದ ಓಡುತ್ತಿದೆ. ಕಿಟಕಿಯ ಪಕ್ಕ ಕುಳಿತೇ 3,089 ಮೀಟರ್ ಏರಿ ಮ್ಯಾಟರ್‌ಹಾರ್ನ್ ನೋಡಬಹುದು. ಅಷ್ಟು ಎತ್ತರಕ್ಕೆ ಬೇಗ ಏರಿದರೆ ಏದುಸಿರು ಬರುವುದುಂಟು. ಬಿ.ಪಿ., ಹೃದಯದ ತೊಂದರೆ ಇರುವವರು ಟಿಕೆಟ್ ಕೊಳ್ಳುವ ಮೊದಲೇ ಡಾಕ್ಟರನ್ನು ಕೇಳಬೇಕು.

ಅಜ್ಜಿಯರಿಗೆ ದೊಡ್ಡ ಅಪಾಯ ಶಿಖರದ್ದಲ್ಲ, ಹೋಟೆಲ್ ಬಾಗಿಲ ಮುಂದೆ ಹೆಪ್ಪುಗಟ್ಟಿದ ಫುಟ್‌ಪಾತಿನದು. ಬೂಟಿನ ಅಡಿಗೆ ಕಟ್ಟಿಕೊಳ್ಳುವ ಮುಳ್ಳಿನ ಪಟ್ಟಿ ಸಿಗುತ್ತದೆ, ಮೊದಲ ದಿನವೇ ಕೊಳ್ಳಿ. ಬಟ್ಟೆ ಮೂರು ಪದರ: ಮೈಗೆ ತಾಗಿ ಉಣ್ಣೆಯದು, ಮೇಲೆ ದಪ್ಪನೆಯದು, ಎಲ್ಲದರ ಮೇಲೆ ಗಾಳಿ-ನೀರು ತಡೆಯುವ ಜಾಕೀಟು. ಹತ್ತಿ ಬನಿಯನ್ ಬೇಡ, ಬೆವರಿಗೆ ಒದ್ದೆಯಾಗಿ ಮೈ ಕೊರೆಯುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ. ಮಳೆಯಲ್ಲಿ ಕಂಬಳಿ ಹೊದ್ದು ಕುರಿ ಮೇಯಿಸುವ ನಮ್ಮ ಕುರಿಗಾರರಿಗೆ ಈ ವಿಷಯ ಎಂದೋ ಗೊತ್ತು. ಹಿಮದ ಮೇಲಿನ ಬಿಸಿಲು ಕಣ್ಣು ಕುಕ್ಕುತ್ತದೆ, ತಂಪು ಕನ್ನಡಕ ಎಲ್ಲರಿಗೂ ಬೇಕು.

ಕಿಸೆಯ ಲೆಕ್ಕ

ಈಗ ಹಣಕ್ಕೆ ಬರೋಣ. ಸ್ವಿಟ್ಜರ್ಲೆಂಡಿನ ನಾಣ್ಯ ಫ್ರಾಂಕ್, ಆಸ್ಟ್ರಿಯಾ-ಫ್ರಾನ್ಸ್-ಇಟಲಿಯದು ಯೂರೋ. ಒಂದು ಫ್ರಾಂಕಿಗೆ ನೂರು ರೂಪಾಯಿಗಿಂತ ಹೆಚ್ಚು. ಬೆಲೆಫಲಕದಲ್ಲಿ 6 ಎಂದಿದ್ದರೆ ಎರಡು ಸೊನ್ನೆ ಸೇರಿಸಿ 600 ಎಂದು ಓದಿ, ಮೇಲೆ ಇನ್ನಷ್ಟು ಇಡಿ. ಮಕ್ಕಳಿಗೆ ಈ ಕೆಲಸ ವಹಿಸಿದರೆ ದಾರಿಯುದ್ದಕ್ಕೂ ಬಾಯಿಲೆಕ್ಕ ಆಗುತ್ತದೆ.

ಖರ್ಚಿನ ತಲೆಬರಹಗಳು ಇವು: ವಿಮಾನ, ವೀಸಾ, ವಿಮೆ, ರೈಲು, ಕೋಣೆ, ಊಟ, ಲಿಫ್ಟ್ ಪಾಸ್, ಸ್ಕೀ ಶಾಲೆ, ಬಾಡಿಗೆಯ ಬೂಟು-ಪಟ್ಟಿ-ಹೆಲ್ಮೆಟ್. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಇಲ್ಲೊಂದು ಎಚ್ಚರಿಕೆ: ಸಾಧಾರಣ ಪ್ರವಾಸ ವಿಮೆಯಲ್ಲಿ ಎಷ್ಟೋ ಸಲ ಸ್ಕೀ ಆಟದ ಗಾಯ ಸೇರಿರುವುದಿಲ್ಲ. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸಬೇಕಾಗಿ ಬಂದರೆ ಆ ಖರ್ಚು ಯಾರದು ಎಂದು ವಿಮೆಯ ಕಾಗದದಲ್ಲಿ ಬೆರಳಿಟ್ಟು ತೋರಿಸಲು ಏಜೆಂಟರಿಗೆ ಹೇಳಿ. ಎಪ್ಪತ್ತು ದಾಟಿದವರ ಕಂತು ಹೆಚ್ಚು. ಸಕ್ಕರೆ ಕಾಯಿಲೆ, ಹಳೆಯ ಶಸ್ತ್ರಚಿಕಿತ್ಸೆ ಯಾವುದನ್ನೂ ಮುಚ್ಚಿಡಬಾರದು.

ಲಿಫ್ಟ್ ಪಾಸ್ ಎಂದರೆ ಇಳಿಜಾರಿನ ಮೇಲಕ್ಕೆ ಒಯ್ಯುವ ಗಾಡಿಗಳ ಪಾಸು. ದೊಡ್ಡ ಊರುಗಳಲ್ಲಿ ಒಬ್ಬರ ಒಂದು ದಿನದ ಪಾಸ್ ಸುಮಾರು 80 ಫ್ರಾಂಕ್ ಅಥವಾ ಅದಕ್ಕೂ ಮೇಲೆ. ಆರು ಜನರ ಮನೆಗೆ ದಿನಕ್ಕೆ ಅರ್ಧ ಲಕ್ಷ ರೂಪಾಯಿ! ಆದರೆ ಆರೂ ಜನಕ್ಕೆ ಅದು ಬೇಕಿಲ್ಲ. ಹೊಸದಾಗಿ ಕಲಿಯುವ ಮಕ್ಕಳು ಮೊದಲ ಎರಡು-ಮೂರು ದಿನ ಊರ ಪಕ್ಕದ ಕಲಿಕೆಯ ಇಳಿಜಾರು ಬಿಟ್ಟು ಹೋಗುವುದಿಲ್ಲ. ಅಲ್ಲಿಗೆ ದುಬಾರಿ ಪಾಸ್ ಬೇಕಾಗುವುದು ಕಡಿಮೆ. ಅಜ್ಜ-ಅಜ್ಜಿಗೆ ಒಂದು ದಿನದ ರೈಲು ಟಿಕೆಟ್ ಸಾಕು. ಎಲ್ಲರಿಗೂ ಆರು ದಿನದ ಪಾಸ್ ಸೇರಿಸಿದ ಪ್ಯಾಕೇಜು ಕಂಡರೆ, ಯಾರಿಗೆ ಎಷ್ಟು ದಿನ ಎಂದು ಬಿಡಿಸಿ ಕೇಳಿ.

ಇನ್ನು ಐಷಾರಾಮ. ಐದು ನಕ್ಷತ್ರದ ಕೋಣೆ, ಬಿಸಿನೀರಿನ ಕೊಳ, ಬಾಗಿಲು ತೆಗೆಯಲೊಬ್ಬ ಆಳು, ಇವೆಲ್ಲ ಅಲ್ಲಿ ಬೇಕಾದಷ್ಟಿವೆ. ನನ್ನ ಲೆಕ್ಕದಲ್ಲಿ ವಯಸ್ಸಾದವರಿಗೆ ಐಷಾರಾಮ ಎಂದರೆ ಹತ್ತಿರ. ಲಿಫ್ಟಿಗೆ ಹತ್ತಿರ, ನಿಲ್ದಾಣಕ್ಕೆ ಹತ್ತಿರ, ಮಕ್ಕಳು ಆಡುವುದು ಕಿಟಕಿಯಿಂದ ಕಾಣುವಷ್ಟು ಹತ್ತಿರ. ಝೆರ್ಮಾಟ್‌ಗೆ ಕಾರು ಹೋಗುವುದಿಲ್ಲ. ಸುಮಾರು ಐದು ಕಿಲೋಮೀಟರ್ ಹಿಂದಿನ ಟೇಶ್ ಎಂಬಲ್ಲಿ ಕಾರು ಬಿಟ್ಟು ರೈಲು ಹತ್ತಬೇಕು. ಊರೊಳಗೆ ಓಡುವವು ಸಣ್ಣ ವಿದ್ಯುತ್ ಗಾಡಿಗಳು. ಹೋಟೆಲಿನ ಗಾಡಿ ನಿಲ್ದಾಣಕ್ಕೆ ಬರುತ್ತದೆಯೇ, ಬೆಳಗಿನ ಉಪಾಹಾರ ಮತ್ತು ರಾತ್ರಿಯ ಊಟ ಕೋಣೆಯ ಬಾಡಿಗೆಯಲ್ಲಿ ಸೇರಿದೆಯೇ, ಶಾಕಾಹಾರ ಸಿಗುತ್ತದೆಯೇ, ಈ ಮೂರು ಕೇಳಿ. ನಕ್ಷತ್ರ ಆಮೇಲೆ ಎಣಿಸೋಣ.

ಬುತ್ತಿಯ ವಿಷಯ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಸವಣೂರಿನ ಖಾರ ಚೀಲದಲ್ಲಿರಲಿ. ಆದರೆ ಹಾಲಿನಿಂದ ಮಾಡಿದ್ದು, ಮಾಂಸದ್ದು ಭಾರತದಿಂದ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡೆ ಎರಡೂ ಮನೆಯಲ್ಲೇ ಉಳಿಯಬೇಕು. ಹಾನಗಲ್ಲಿನ ಮಾವಿನಹಣ್ಣು, ಸವಣೂರಿನ ವೀಳ್ಯದೆಲೆ ಕೂಡ ಪ್ರಮಾಣಪತ್ರವಿಲ್ಲದೆ ಬೇಡ.

ಅಲ್ಲಿ ಅಂಗಡಿಯ ಯಂತ್ರಕ್ಕೆ ಕಾರ್ಡ್ ಹಾಕಿದಾಗ "ರೂಪಾಯಿಯಲ್ಲಿ ಕಡಿತ ಮಾಡಲೇ, ಫ್ರಾಂಕಿನಲ್ಲೇ?" ಎಂದು ಕೇಳಬಹುದು. ರೂಪಾಯಿ ಕಂಡು ಸಂತೋಷಪಡಬೇಡಿ, ಆ ವಿನಿಮಯ ದರ ಸಾಮಾನ್ಯವಾಗಿ ನಮಗೆ ನಷ್ಟದ್ದು. ಫ್ರಾಂಕನ್ನೇ ಒತ್ತಿ. ವಿದೇಶ ಪ್ರವಾಸದ ಪ್ಯಾಕೇಜು ಕೊಂಡಾಗ ಮುಂಗಡ ತೆರಿಗೆಯೊಂದನ್ನು ವಸೂಲಿ ಮಾಡುತ್ತಾರೆ, ಟಿ.ಸಿ.ಎಸ್. ಎನ್ನುತ್ತಾರೆ. ಅದರ ರಸೀದಿ ಕಾಪಾಡಿ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಹೆಚ್ಚಾದದ್ದು ವಾಪಸು ಬರುತ್ತದೆ.

ಮುರಿಯಬಾರದ ಠೇವಣಿ

ನನ್ನ ಜೊತೆ ಬೆಳಗಿನ ವಾಕಿಂಗಿಗೆ ಬರುವ ನಿವೃತ್ತ ಮಾಸ್ತರರೊಬ್ಬರು ಈಚೆಗೆ ಎಫ್.ಡಿ. ಮುರಿಸುವ ಯೋಚನೆಯಲ್ಲಿದ್ದರು. ಹೆಂಡತಿಯ ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಇಟ್ಟ ಹಣ ಅದು. ಮಗ ವಿಮಾನದ ಟಿಕೆಟ್, ಹೋಟೆಲ್ ತನ್ನದೇ ಎಂದಿದ್ದ. ಮೊಮ್ಮಗನ ಸ್ಕೀ ಶಾಲೆಯ ಖರ್ಚಾದರೂ ತಮ್ಮದಿರಬೇಕು ಎಂದು ಇವರ ಹಟ. ನಾನು, "ಯಾಕ್ರೀ ಅವಸರ?" ಎಂದೆ. ಅವರು ಹೇಳಿದ್ದು ನನ್ನನ್ನು ಸುಮ್ಮನಾಗಿಸಿತು: "ಇನ್ನ ನಾಲ್ಕ ವರ್ಷಕ್ಕ ಅಂವ ಕಾಲೇಜಿಗೆ ಹೊಕ್ಕಾನ. ಆಮ್ಯಾಲ ಅಜ್ಜನ ಕೈ ಹಿಡಕೊಂಡು ತಿರಗ್ತಾನೇನ್ರೀ?"

ಮಾತು ಸುಳ್ಳಲ್ಲ. ಬಡ್ಡಿ ಮುಂದಿನ ವರ್ಷವೂ ಬರುತ್ತದೆ, ಹುಡುಗನ ಹನ್ನೆರಡನೇ ವಯಸ್ಸು ಬರುವುದಿಲ್ಲ. ಆದರೆ ಠೇವಣಿಯನ್ನು ಅವಧಿಗೆ ಮೊದಲು ಮುರಿದರೆ ಒಪ್ಪಿದ ಬಡ್ಡಿ ಸಿಗುವುದಿಲ್ಲ. ಇದ್ದಷ್ಟು ದಿನದ ದರ ಹಾಕಿ, ಅದರಲ್ಲೂ ಸಾಮಾನ್ಯವಾಗಿ ಅರ್ಧದಿಂದ ಒಂದು ಪರ್ಸೆಂಟ್ ಕಡಿತ ಮಾಡುತ್ತಾರೆ. ಅದು ಸಣ್ಣ ನಷ್ಟ. ದೊಡ್ಡ ನಷ್ಟ ಮುಂದೆ ಮೊಣಕಾಲಿನ ದಿನ ಬಂದಾಗ ಮಗನ ಮುಂದೆ ಕೈ ಚಾಚಬೇಕಾಗುವುದು.

ಇದನ್ನು ಬಗೆಹರಿಸಿದವನು ನಾನಲ್ಲ, ಅವರ ಮನೆಯವರು. ಚಹಾ ತಂದಿಟ್ಟು ಹೇಳಿದರು: "ನನ್ನ ಕಾಲಿನ ರೊಕ್ಕದಾಗ ಅಂವ ಜಾರೂದು, ನಾ ಮನ್ಯಾಗ ಕುಂಟೂದು ಯಾ ನ್ಯಾಯ? ಮೊದಲ ಕಾಲು ಮಾಡಸ್ರಿ. ನಾನೂ ನಡದು ಹೋಗಿ ನೋಡ್ತೀನಿ."

ಹಾಗೆಯೇ ತೀರ್ಮಾನವಾಯಿತು. ಮೊದಲು ಶಸ್ತ್ರಚಿಕಿತ್ಸೆ, ಪ್ರವಾಸ ಹದಿನೆಂಟು ತಿಂಗಳ ನಂತರದ ಏಪ್ರಿಲ್‌ನಲ್ಲಿ, ಅದೂ ಡಾಕ್ಟರು ಹೂಂ ಎಂದರೆ. ಅಜ್ಜನ ಪಾಲಿಗೆ ತಿಂಗಳಿಗೆ 5,000 ರೂಪಾಯಿಯ ಆರ್.ಡಿ. ಇದರ ಲೆಕ್ಕ ಮಕ್ಕಳೂ ಮಾಡಬಹುದು. ಬಡ್ಡಿ ವರ್ಷಕ್ಕೆ 6 ಪರ್ಸೆಂಟ್ ಎಂದುಕೊಳ್ಳಿ. 5,000ಕ್ಕೆ ಒಂದು ತಿಂಗಳ ಬಡ್ಡಿ 25 ರೂಪಾಯಿ. ಮೊದಲ ಕಂತು 18 ತಿಂಗಳು ಬ್ಯಾಂಕಿನಲ್ಲಿರುತ್ತದೆ, ಎರಡನೆಯದು 17, ಕೊನೆಯದು 1. ಎಲ್ಲ ಕೂಡಿಸಲು 18 ಗುಣಿಸು 19, ಭಾಗಿಸು 2, ಅಂದರೆ 171. ಬಡ್ಡಿ 171 ಗುಣಿಸು 25, ಅಂದರೆ 4,275. ಅಸಲು 90,000. ಒಟ್ಟು 94,275 ರೂಪಾಯಿ. ಬ್ಯಾಂಕು ಮೂರು ತಿಂಗಳಿಗೊಮ್ಮೆ ಬಡ್ಡಿಗೆ ಬಡ್ಡಿ ಸೇರಿಸುವುದರಿಂದ ಸ್ವಲ್ಪ ಹೆಚ್ಚೇ ಬಂದೀತು. ಹುಡುಗನ ಮೂರು-ನಾಲ್ಕು ದಿನದ ಸ್ಕೀ ಪಾಠ, ಬಾಡಿಗೆಯ ಸಾಮಾನು, ಇವರಿಬ್ಬರ ಗೋರ್ನರ್‌ಗ್ರಾಟ್ ರೈಲು, ಎಲ್ಲಕ್ಕೂ ಇಷ್ಟರಲ್ಲಿ ದಾರಿಯಾಗುತ್ತದೆ.

ವಿದೇಶದ ಮಗ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಅವರಿಗೆ ನಮ್ಮ ದೇಶದಲ್ಲೇ ಹಿಮವಿದೆ. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದೂರದ ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀ ತರಬೇತಿ ಸಂಸ್ಥೆ ಇದೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬರೇ ಕ್ರೀಡಾಪಟು ಆರಿಫ್ ಖಾನ್ ಆ ಇಳಿಜಾರುಗಳಲ್ಲೇ ಕಲಿತವರು. ವೀಸಾ ಬೇಡ, ಫ್ರಾಂಕ್ ಬೇಡ. ಆದರೆ ಹಿಮ ಅಲ್ಲೂ ಹೇಳಿದ ಮಾತು ಕೇಳುವುದಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುದಿನ ಬರಿದಾಗಿತ್ತು. 2025ರಲ್ಲಿ ಹಿಮ ಸಾಲದೆ ಕ್ರೀಡಾಕೂಟವನ್ನೇ ಮುಂದೂಡಿದರು. ಮಳೆ ನಂಬಿ ಬಿತ್ತುವ ನಮಗೆ ಇದು ಹೊಸದೇನಲ್ಲ. ಹೋಗುವ ಊರು ಯಾವುದೇ ಇರಲಿ, ರದ್ದು ಮಾಡಿದರೆ ಹಣ ಮರಳುವ ಬುಕಿಂಗ್ ಮಾತ್ರ ಮಾಡಿ.

ಈ ವಾರದ ಮನೆಲೆಕ್ಕ: ತಿಂಗಳಿಗೆ 2,000 ರೂಪಾಯಿಯಂತೆ 24 ತಿಂಗಳು ಕಟ್ಟಿದರೆ, 6 ಪರ್ಸೆಂಟಿನಲ್ಲಿ ಕೊನೆಗೆ ಎಷ್ಟಾಗುತ್ತದೆ? ಮಕ್ಕಳು ಪಾಟಿಯ ಮೇಲೆ ಮಾಡಿ, ಅಜ್ಜ-ಅಜ್ಜಿ ಬಾಯಲ್ಲಿ ಮಾಡಲಿ. ಉತ್ತರ ಮುಂದಿನ ವಾರ.